ಹಾರ್ನ್ ಇಲ್ಲದ ಬಿಳಿ ಕಾರು

ಇಪ್ಪತ್ತೆರಡು ವರ್ಷಗಳ ಹಿಂದೆ, ತಲೆಗೆ ಬಾಸಿಂಗ ಕಟ್ಟಿಕೊಂಡು, ಹೋಮದ ಹೊಗೆಗೆ ಕಣ್ಣು ಕೆಂಪಾಗಿ, ಎರಡು ರಾತ್ರಿ ನಿದ್ದೆಗೆಟ್ಟಿದ್ದ ಹೊತ್ತಿನಲ್ಲಿ ಗುರುಪ್ರಸನ್ನ ತನ್ನ ಅತ್ತೆಗೆ ಒಂದು ಮಾತು ಕೊಟ್ಟಿದ್ದ. ಅಂಥ ಸ್ಥಿತಿಯಲ್ಲಿ ಕೊಟ್ಟ ಮಾತನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ಆದರೆ ಅಹಲ್ಯಾಬಾಯಿ ಕೋರ್ಟಿಗಿಂತ ಮೇಲಿನವರು.

ಆದದ್ದಿಷ್ಟು. ಮಾನ್ವಿಯಲ್ಲಿ ಮದುವೆ. ಗಂಡಿನ ಕಡೆಯವರು ರಾಯಚೂರಿನಿಂದ ಸರ್ಕಾರಿ ಕೆಂಪು ಬಸ್ಸಿನಲ್ಲಿ ಬಂದಿಳಿದರು. ಅಹಲ್ಯಾಬಾಯಿಯ ತಮ್ಮ ವೇದವ್ಯಾಸಾಚಾರ್ರು ಕೃಷ್ಣಾ ಹೊಳೆಯ ದಂಡೆಯ ಊರಾದ ಗೂಗಲ್‌ನವರು, ಆ ಕಾಲಕ್ಕೇ ಜೀಪು ಇಟ್ಟವರು. ಊಟದ ಪಂಕ್ತಿಯಲ್ಲಿ ಕೊನೆಯ ಎಲೆಯವರಿಗೂ ಕೇಳುವಂತೆ ಅವರು ಹೇಳಿದರು: "ನಮ್ಮ ಅಳಿಯಂದು ಭಾರೀ ಗಾಡಿ ಬಿಡ್ರಿ. ಅದಕ್ಕ ಡ್ರೈವರ್ ಬ್ಯಾರೆ, ಕಂಡಕ್ಟರ್ ಬ್ಯಾರೆ!"

ಪಂಕ್ತಿ ನಕ್ಕಿತು. ಸಾರು ಬಡಿಸುವವನೂ ನಕ್ಕ, ಸಾರು ಎಲೆಯ ಹೊರಗೆ ಬಿತ್ತು. ಅಹಲ್ಯಾಬಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಳಬ್ಯಾಡ್ರಿ ಅತ್ತಿ," ಎಂದ ಗುರುಪ್ರಸನ್ನ. "ಒಂದಿನ ನನ್ನ ಸ್ವಂತ ಕಾರಿನ್ಯಾಗ ನಿಮ್ಮನ್ನ ಗೂಗಲ್‌ಗೆ ಕರಕೊಂಡು ಹೋಗ್ತೀನಿ. ಮಾಮಾನ ಮನಿ ಮುಂದ ನಿಂತು, ಅವರು ಬಾಗಲಾ ತಗದು ಹೊರಗ ಬರೋತನಕ ಹಾರ್ನ್ ಹೊಡೀತೀನಿ. ಇದು ನನ್ನ ಮಾತು."

ಮುಂದಿನ ಇಪ್ಪತ್ತೊಂದು ವರ್ಷ ಸೈಕಲ್ಲು, ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಕೂಟರು. ಬೆಳಿಗ್ಗೆ ಐದಕ್ಕೆ ಎದ್ದು ನಲ್ಲಿ ನೀರು ಹಿಡಿಯಬೇಕು. ಮಗಳು ಅಪೇಕ್ಷಾಳನ್ನು ಟ್ಯೂಷನ್ನಿಗೆ ಬಿಡಬೇಕು. ಒಂಬತ್ತಕ್ಕೆ ದೊಡ್ಡಪ್ಪ ಸಾಹುಕಾರರ ಪೈಪು-ಮೋಟಾರಿನ ಅಂಗಡಿಯಲ್ಲಿ ಬಿಲ್ ಬರೆಯಲು ಕೂತರೆ ರಾತ್ರಿ ಒಂಬತ್ತಕ್ಕೆ ಏಳಬೇಕು. ಇಷ್ಟರ ನಡುವೆಯೂ ಹೋದ ವರ್ಷ ಒಂದು ವಾಹನ ಬಂದೇ ಬಂತು. ಅದೊಂದು ಬಿಳಿ ವ್ಯಾನು. ಮೊದಲು ಯಾವುದೋ ನರ್ಸಿಂಗ್ ಹೋಮಿನದಾಗಿತ್ತು. ಮೈಮೇಲಿನ ಅಕ್ಷರಗಳನ್ನು ಕೆರೆದು ತೆಗೆದಿದ್ದರೂ ಸಂಜೆಯ ಓರೆಬಿಸಿಲಿಗೆ 'ತುರ್ತು ಸೇವೆ' ಎಂಬುದು ಇನ್ನೂ ಓದಲು ಬರುತ್ತಿತ್ತು. ಗುರುಪ್ರಸನ್ನ ಅದನ್ನು ಕಾರು ಎನ್ನುತ್ತಿದ್ದ. ಓಣಿಯಲ್ಲಿ ಬೇರಾರೂ ಹಾಗೆನ್ನುತ್ತಿರಲಿಲ್ಲ.

ಈ ವರ್ಷ ಪೈಪಿನ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಗಳಿಂದ ಒಬ್ಬೊಬ್ಬರನ್ನು ನಾಲ್ಕು ದಿನ ಬ್ಯಾಂಕಾಕಿಗೆ ಕರೆದೊಯ್ಯುತ್ತೇವೆ ಎಂದರು. ದೊಡ್ಡಪ್ಪ ಸಾಹುಕಾರರಿಗೆ ಮೊಣಕಾಲು ನೋವು. "ಹೋಗಿ ಬಾರೋ ಗುರಣ್ಣ, ಬಿಲ್ ಬರದು ಬರದು ಬೆನ್ನು ಗೂನಾಗ್ಯದ," ಎಂದು ಕಳಿಸಿದರು.

ಅವನು ಹಿಂತಿರುಗಿದ ದಿನ ಅಂಗಡಿಯಲ್ಲಿ ಜನ ಜಮಾಯಿಸಿತು. ಸಾಹುಕಾರರು ಕೂಲಿಯವರನ್ನು ಹೊರಗೆ ಕಳಿಸಿ, ಅರ್ಧ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: "ಹ್ಞಾಂ, ಈಗ ಹೇಳು. ಏನೇನು ನೋಡಿದಿ?"

"ಏನು ಹೇಳ್ಲಿರೀ ಸಾಹುಕಾರ್ರ," ಎಂದ ಗುರುಪ್ರಸನ್ನ. ಕಣ್ಣಲ್ಲಿ ಹೊಳಪಿತ್ತು. "ಅಲ್ಲಿ ಯಾರೂ ಹಾರ್ನ್ ಹೊಡಿಯಂಗಿಲ್ಲ."

ಸಾಹುಕಾರರು ಕುರ್ಚಿ ಹತ್ತಿರ ಎಳೆದುಕೊಂಡರು.

"ಆಮ್ಯಾಲ?"

"ಆರು ಸಾಲು ಗಾಡಿ ನಿಂತಿರ್ತಾವ್ರಿ. ಒಂದು ತಾಸು ನಿಂತ್ರೂ ಒಬ್ಬನರೆ ಪೀಂ ಅನ್ನಲಿಲ್ಲ. ಅಲ್ಲಿ ಹಾರ್ನ್ ಹೊಡದ್ರ ಮಂದಿಗೆ ಬೈದಂಗಂತ! ನಮ್ಮ ಬಸ್ಸಿನ ಡ್ರೈವರ್ ನಾಲ್ಕು ದಿನದಾಗ ಒಂದೇ ಸಲ ಒತ್ತಿದ. ಒತ್ತಿ ಅವನೇ ಕೈ ಮುಗದ."

"ಇದನ್ನ ನೋಡಾಕ ವಿಮಾನದಾಗ ಹೋಗಿದ್ದಿ," ಎಂದು ಸಾಹುಕಾರರು ಎದ್ದು ಬಾಗಿಲು ಪೂರ್ತಿ ತೆರೆದರು.

ಲೋಕ ಹೀಗೆ ನಿರಾಶೆಗೊಂಡರೂ ಗುರುಪ್ರಸನ್ನ ಕುಗ್ಗಲಿಲ್ಲ. ನಮ್ಮ ಕಡೆಯ ಹಾರ್ನಿಗೆ ಒಂದು ಭಾಷೆಯೇ ಇದೆ. ಒಮ್ಮೆ ಒತ್ತಿದರೆ ನಾನು ಬಂದೆ ಎಂದು, ಎರಡು ಸಲ ಒತ್ತಿದರೆ ಪಕ್ಕಕ್ಕೆ ಸರಿ ಎಂದು. ಮೂರು ಸಲ ಒತ್ತಿದರೆ ಆರಾಮ ಇದ್ದೀರೇನ್ರಿ ಎಂದು. ಒತ್ತಿ ಹಿಡಿದರೆ ಈ ರಸ್ತೆ ನಿಮ್ಮಪ್ಪಂದೇನು ಎಂದು. ಈ ಭಾಷೆಯನ್ನು ತಾನು ಇನ್ನು ಆಡುವುದಿಲ್ಲವೆಂದು ಅವನು ನಿರ್ಧರಿಸಿದ. ಅಭ್ಯಾಸಬಲದಿಂದ ಕೈ ಹೋಗಬಾರದೆಂದು ಓಣಿಯ ಮೆಕ್ಯಾನಿಕ್ ಬುರ್ಹಾನುದ್ದೀನನ ಹತ್ತಿರ ಗಾಡಿ ಒಯ್ದು, ಹಾರ್ನಿನ ವೈರ್ ಕಿತ್ತುಬಿಡು ಎಂದ.

ಬುರ್ಹಾನುದ್ದೀನ್ ಪಾನಾ ಕೆಳಗಿಟ್ಟ. "ಗುರು ಸಾಬ್, ಬ್ರೇಕ್ ಇಲ್ಲದ ಗಾಡಿ ಓಡ್ಸೋರನ್ನ ನೋಡೀನಿ. ಅವರಿಗೂ ಹಾರ್ನ್ ಬೇಕ್ರಿ."

"ನೀ ಕಿತ್ತು."

"ನಮ್ಮ ಡ್ರೈವರ್ ಮಂದೀದು ಒಂದು ಕಾನೂನ್ ಅದ. ದವಾಖಾನಿಯಿಂದ ಹೆಣ ತರೋವಾಗ ಹಾರ್ನ್ ಹೊಡಿಯಂಗಿಲ್ಲ. ಮೆಲ್ಲಕ ಬರಬೇಕು. ಮಂದಿ ತಾವೇ ಸರೀತಾರ. ಬಿಳಿ ಗಾಡಿ, ಅದೂ ಇಂಥ ಗಾಡಿ, ಹಾರ್ನಿಲ್ಲದ ಮೆಲ್ಲಕ ಬಂತಂದ್ರ ನೋಡಿದವರು ಏನು ತಿಳಕೋಬೇಕು?"

"ಮಂದಿಗೆ ತಿಳುವಳಿಕಿ ಕಡಿಮಿ ಬುರ್ಹಾನ್. ಬ್ಯಾಂಕಾಕಿನ್ಯಾಗ..."

"ಬ್ಯಾಂಕಾಕಿನ್ಯಾಗ ಮಂದಿ ಸಾಯಂಗಿಲ್ಲೇನ್ರಿ?"

ಕಂಪನಿಯವರು ಆ ಭಾಗ ತೋರಿಸಿರಲಿಲ್ಲ. ಹಾರ್ನ್ ಮೂಕವಾಯಿತು. ಹಿಂದಿನ ಗಾಜಿಗೆ ಅಪೇಕ್ಷಾಳಿಂದ ದೊಡ್ಡ ಅಕ್ಷರಗಳಲ್ಲಿ ಬರೆಸಿದ ಚೀಟಿ ಬಂತು: 'ಮೌನವೇ ಮರ್ಯಾದೆ'.

ಅಂದಿನಿಂದ ಹತ್ತು ನಿಮಿಷದ ಅಂಗಡಿ ದಾರಿ ಅರ್ಧ ತಾಸಿನದಾಯಿತು. ಒಂದು ದಿನ ಎಮ್ಮೆಯೊಂದರ ಹಿಂದೆ ಅದು ಮನೆ ಸೇರುವ ತನಕ ಹೋದ. ಎಮ್ಮೆಯ ಒಡತಿ ಶಹಜಾದಿ ಬೇಗಂ ಬಾಗಿಲಿಗೆ ಬಂದು, "ಬಿಟ್ಟು ಹೋಗಾಕ ಬಂದ್ರೇನ್ರಿ? ಭಾಳ ಉಪಕಾರ ಆತು," ಎಂದಳು. ಗುರುಪ್ರಸನ್ನ ಪರವಾಗಿಲ್ಲ ಎಂದು ಹೇಳಿ ಗಾಡಿ ತಿರುಗಿಸಿದ.

ಹೀಗಿರುವಾಗ ಮಾನ್ವಿಯಿಂದ ಫೋನು ಬಂತು. ಅಹಲ್ಯಾಬಾಯಿ ಅಲ್ಲಿ ಮಗ ಗೋಪಾಲಕೃಷ್ಣನ ಜೊತೆಗಿದ್ದರು. ಎಪ್ಪತ್ತಾರು ವಯಸ್ಸು. ಬಲಗಿವಿ ಮೂರು ವರ್ಷದ ಹಿಂದೆಯೇ ಹೋಗಿತ್ತು.

"ಗುರು, ಡಾಕ್ಟರು ಎಡಗಿವಿಗೂ ದೀಪಾವಳಿತನಕ ಅಂತ ಹೇಳ್ಯಾರ. ಆಮ್ಯಾಲ ನೀ ಹಾರ್ನ್ ಹೊಡದರೂ ಅಷ್ಟ, ಡೊಳ್ಳು ಬಡದರೂ ಅಷ್ಟ. ಕಾರು ಬಂದು ವರ್ಷಾತು. ಈ ಐತಾರ ಹೋಗೋಣು."

"ಹೋಗೋಣ್ರಿ ಅತ್ತಿ."

"ಹಾರ್ನ್ ಹೊಡೀತಿ ಹೌದಲ್ಲೋ?"

ಗುರುಪ್ರಸನ್ನ ಹೂಂ ಎಂದ. ಅತ್ತೆಗೆ ಬೇರೆ ಏನು ಹೇಳಲು ಬರುತ್ತದೆ? ಶನಿವಾರ ಬುರ್ಹಾನುದ್ದೀನನ ಕಡೆ ಹೋಗಿ ವೈರ್ ಸೇರಿಸಿಕೊಂಡು, ಗೂಗಲ್‌ನಲ್ಲಿ ಒಂದೇ ಒಂದು ಸಲ ಬಾರಿಸಿ, ಬರುವಾಗ ಮತ್ತೆ ಕೀಳಿಸಿದರಾಯಿತು ಎಂದುಕೊಂಡ. ಶನಿವಾರ ಗ್ಯಾಸ್ ಸಿಲಿಂಡರು ಬಂತು, ನೀರು ಬರಲಿಲ್ಲ, ಸಾಹುಕಾರರು ಸ್ಟಾಕ್ ಎಣಿಸಲು ಕೂಡಿಸಿಕೊಂಡರು. ಐತವಾರ ಬೆಳಿಗ್ಗೆ ಹೋದರೆ ಗ್ಯಾರೇಜಿಗೆ ಬೀಗ. ಬುರ್ಹಾನುದ್ದೀನ್ ತಂಗಿಯ ಮಗಳ ಮದುವೆಗೆ ಹೋಗಿದ್ದ.

ಹೆಂಡತಿ ವೃಂದಾಗೆ ಅವನು ಇದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಪೇಕ್ಷಾಳನ್ನು ಟ್ಯೂಷನ್ನಿಗೆ ಬಿಟ್ಟು, ಮಾನ್ವಿಗೆ ಹೋಗಿ ಅಹಲ್ಯಾಬಾಯಿಯವರನ್ನು ಹತ್ತಿಸಿಕೊಂಡರು. ಹಸಿರು ಪತ್ತಲ ಉಟ್ಟು, ಎಡಗಿವಿಗೆ ಎಣ್ಣೆ ಹಾಕಿಸಿಕೊಂಡು ಅವರು ಬೆಳಗಿನ ಆರರಿಂದ ಕಟ್ಟೆಯ ಮೇಲೆ ಕೂತಿದ್ದರು.

ತಾಯಿಗೆ ಗಾಡಿಯಲ್ಲಿ ವಾಂತಿಯಾಗುತ್ತದೆಂದು ವೃಂದಾ ಒಂದು ಗುಳಿಗೆ ಕೊಟ್ಟಳು. ಹತ್ತು ನಿಮಿಷಕ್ಕೆ ಅಹಲ್ಯಾಬಾಯಿ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು ಮಲಗಿಬಿಟ್ಟರು. ಬಿಸಿಲು ಬೀಳುತ್ತದೆಂದು ವೃಂದಾ ಗದ್ದದ ತನಕ ಬಿಳಿ ಪಂಚೆ ಹೊದಿಸಿದಳು. ತನಗೂ ಒಂದು ಗುಳಿಗೆ ನುಂಗಬೇಕಿತ್ತು, ಮರೆತಿದ್ದಳು. ಹೀಗಾಗಿ ಕಣ್ಣು ಮುಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು, ತಿರುವು ಬಂದಾಗಲೊಮ್ಮೆ ನರಳುತ್ತ ಕೂತಳು.

ಹಿರೇಕೊಟ್ನೆಕಲ್ ಹತ್ತಿರ ರಸ್ತೆ ತುಂಬ ಕುರಿ. ಗುರುಪ್ರಸನ್ನ ನಿಂತ. ಕುರಿಗಳೂ ನಿಂತವು. ಹಾರ್ನ್ ಕೇಳದೆ ಸರಿಯುವುದು ಅವುಗಳಿಗೆ ಗೊತ್ತಿರಲಿಲ್ಲ. ಕುರಿ ಕಾಯುವ ಅಂಬಣ್ಣ ಬೈಯಲು ಬಂದವನು ಹಿಂದಿನ ಕಿಟಕಿಯಲ್ಲಿ ಇಣುಕಿದ, ತಟ್ಟನೆ ತಲೆಯ ರುಮಾಲು ತೆಗೆದ.

"ಯಾವೂರಿಗ್ರೀ ಯಪ್ಪಾ?"

"ಗೂಗಲ್‌ಗೆ."

"ಹೊಳಿ ದಂಡೀಗೆ. ಛಲೋ ಜಾಗಾರೀ," ಎಂದು ಅಂಬಣ್ಣ ಉಸಿರೆಳೆದ. "ವಯಸ್ಸೆಷ್ಟ್ರಿ ಆಯಿಗೆ?"

"ಎಪ್ಪತ್ತಾರು."

"ತುಂಬಿದ ವಯಸ್ಸು ಬಿಡ್ರಿ. ಧೈರ್ಯಾ ತಗೋರಿ," ಎಂದು ಕೋಲು ಬೀಸಿ ಅಷ್ಟೂ ಕುರಿಗಳನ್ನು ಅರ್ಧ ನಿಮಿಷದಲ್ಲಿ ಹೊಲಕ್ಕೆ ಇಳಿಸಿದ. ಗಾಡಿ ದಾಟುವ ತನಕ ಕೈ ಮುಗಿದು ನಿಂತ.

ಗುರುಪ್ರಸನ್ನನ ಎದೆ ತುಂಬಿ ಬಂತು. "ನೋಡಿದೇನು ವೃಂದಾ? ಹಾರ್ನ್ ಹೊಡಿಲಿಲ್ಲ ಅಂದ್ರ ಮಂದಿ ಹೆಂಗ ಮರ್ಯಾದಿ ಕೊಡ್ತಾರ! ನಮ್ಮವರು ಕೆಟ್ಟವರಲ್ಲ. ಅವರಿಗೆ ಯಾರೂ ಕಲಿಸಿಲ್ಲ ಅಷ್ಟ."

ವೃಂದಾ ಸೆರಗಿನೊಳಗಿಂದ ಏನೋ ಅಂದಳು. ಅದು ಒಪ್ಪಿಗೆಯಲ್ಲ.

ಮುಂದೆ ಭತ್ತದ ಲಾರಿಯೊಂದು ಅಡ್ಡವಾಯಿತು. ಹಿಂಭಾಗದಲ್ಲಿ 'ಹಾರ್ನ್ ಮಾಡಿ' ಎಂದು ತಾನಾಗಿ ಬೇಡಿಕೊಂಡಿತ್ತು. ಗುರುಪ್ರಸನ್ನ ಎರಡು ಮೈಲಿ ಅದರ ಧೂಳು ಕುಡಿದ. ಮೂರನೇ ಮೈಲಿಗೆ ಕ್ಲೀನರ್ ಹಿಂದಿರುಗಿ ನೋಡಿ, ಡ್ರೈವರನ ಕಿವಿಯಲ್ಲಿ ಏನೋ ಊದಿದ. ಲಾರಿ ಎಡಕ್ಕೆ ಸರಿದು ನಿಂತೇಬಿಟ್ಟಿತು. ಕ್ಲೀನರ್ ಬೀಡಿ ಎಸೆದು ತಲೆ ತಗ್ಗಿಸಿದ. ಎದುರಿಗೆ ಬಂದ ಬಸ್ಸು ನಿಧಾನಿಸಿತು. ಮದುವೆಯ ಟ್ರ್ಯಾಕ್ಟರೊಂದು ಹಾಡು ನಿಲ್ಲಿಸಿತು. ಗುರುಪ್ರಸನ್ನ ಒಬ್ಬೊಬ್ಬರಿಗೂ ತಲೆಬಾಗಿ ಬಾಗಿ ಕತ್ತು ನೋಯಿಸಿಕೊಂಡ.

ಜೇಬಿನಲ್ಲಿ ಫೋನು ಬಡಿದುಕೊಂಡಿತು, ಸಾಹುಕಾರರದಿರಬೇಕು. ಗಾಡಿ ನಡೆಸುವಾಗ ಬ್ಯಾಂಕಾಕಿನವರು ಫೋನು ಎತ್ತುವುದಿಲ್ಲ. ಅವನೂ ಎತ್ತಲಿಲ್ಲ.

ದೇವದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಸಂತೆಯ ಗದ್ದಲ. ನಡುರಸ್ತೆಯಲ್ಲಿ ಅಲುಗಾಡದೆ ನಿಂತ ಬಿಳಿ ವ್ಯಾನನ್ನು ಕಂಡು ಟ್ರಾಫಿಕ್ ಪೊಲೀಸ ಲಾಠಿ ಎತ್ತಿಕೊಂಡು ಬಂದ. ಹಿಂದಿನ ಗಾಜಿನ 'ಮೌನವೇ ಮರ್ಯಾದೆ' ಓದಿದ, ಕಿಟಕಿಯಲ್ಲಿ ಇಣುಕಿದ, ಟೊಪ್ಪಿಗೆ ತೆಗೆದ.

"ಎಷ್ಟೊತ್ತಿಗಾತ್ರಿ?"

"ಮಾನ್ವಿ ಬಿಟ್ಟಾಗ ಹತ್ತಾಗಿತ್ರಿ."

"ಹತ್ತಕ್ಕ." ಅವನು ಗಡಿಯಾರ ನೋಡಿಕೊಂಡ. "ಬಿಸಲ ಭಾಳ ಅದ. ತಡಾ ಮಾಡಬ್ಯಾಡ್ರಿ, ಲಗೂನ ಮುಗಸ್ರಿ." ಸೀಟಿ ಊದಿದ ರಭಸಕ್ಕೆ ಎರಡು ಬಸ್ಸು, ನಾಲ್ಕು ಆಟೋ, ಒಂದು ಕಬ್ಬಿನಹಾಲಿನ ಬಂಡಿ ಗೋಡೆಗೆ ಅಂಟಿಕೊಂಡವು.

ಸಂತೆ ದಾಟಿದ ಮೇಲೆ ಗುರುಪ್ರಸನ್ನ ನೀರಿಗೆಂದು ಒಂದು ಚಾ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯ ಕೊಟ್ರೇಶ ಗೂಗಲ್‌ನವನು. ನೀರಿನ ಬಾಟಲಿ ಕೊಡುತ್ತ ಗಾಡಿಯೊಳಗೆ ನೋಡಿದ. "ಇವರು ನಮ್ಮ ವೇದವ್ಯಾಸಾಚಾರ್ರ ಅಕ್ಕಾರಲ್ಲೇನ್ರಿ?"

"ಹೌದು. ಅಲ್ಲಿಗೇ ಹೊಂಟೀವಿ."

"ಆಚಾರ್ರಿಗೆ ಗೊತ್ತದೇನ್ರಿ?"

"ಇಲ್ಲ. ಹೋಗಿ ಒಮ್ಮೆಲೆ ಬಾಗಲದಾಗ ನಿಲ್ಲಬೇಕಂತ ಮಾಡೀವಿ."

ಕೊಟ್ರೇಶ ಎದೆ ಹಿಡಿದುಕೊಂಡ. "ಹಂಗ ಮಾಡಬ್ಯಾಡ್ರಿ ಯಪ್ಪಾ, ವಯಸ್ಸಾದ ಜೀವ ಅದು. ನಾ ಮೊದಲ ತಿಳಸ್ತೀನಿ." ನೀರಿನ ದುಡ್ಡು ಕೊಡಹೋದರೆ ಎರಡೂ ಕೈ ಹಿಂದಕ್ಕೆಳೆದುಕೊಂಡ. ಇಂಥ ಹೊತ್ತಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದ.

"ನೋಡು, ನೀರಿಗೂ ರೊಕ್ಕಾ ತಗೊಳ್ಳಲಿಲ್ಲ," ಎಂದ ಗುರುಪ್ರಸನ್ನ ಗಾಡಿ ಹತ್ತುತ್ತ.

"ಹೊಟ್ಟಿ ತೊಳಸ್ಲಿಕ್ಕತ್ತದ, ಸುಮ್ಮನ ನಡಸ್ರಿ," ಎಂದಳು ವೃಂದಾ.

ಮೆಲ್ಲಗೆ ನಡೆಸುವವನಿಗಿಂತ ಫೋನು ಮೊದಲು ಮುಟ್ಟುತ್ತದೆ. ಗಾಡಿ ಗೂಗಲ್ ಸೇರುವ ಹೊತ್ತಿಗೆ ವೇದವ್ಯಾಸಾಚಾರ್ರು ಅಳಿಯನಿಗೆ ಹನ್ನೊಂದು ಸಲ ಫೋನು ಮಾಡಿದ್ದರು. ಮಾನ್ವಿಗೆ ಮಾಡಿದರೆ ಗೋಪಾಲಕೃಷ್ಣ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಕೂತು ಫೋನು ಬಂದ್ ಮಾಡಿದ್ದ. ಇನ್ನು ಅನುಮಾನವೇನು? ಬೀದಿಯ ತುಂಬ ಜನ. ಯಾರೋ ಬಿದಿರು ತಂದು ಒರಗಿಸಿದ್ದರು, ಯಾರೋ ಹೊಸ ಗಡಿಗೆ ತಂದಿದ್ದರು. ಹೊಳೆಯ ದಂಡೆಗೆ ಕಟ್ಟಿಗೆ ಸಾಗಿಸಲು ಟ್ರ್ಯಾಕ್ಟರು ತಯಾರಿತ್ತು. ಎಪ್ಪತ್ತೆರಡರ ಆಚಾರ್ರು ಕಟ್ಟೆಯ ಮೇಲೆ ಕಂಬಕ್ಕೆ ತಲೆಯಾನಿಸಿ ಕೂತಿದ್ದರು.

ಬಿಳಿ ವ್ಯಾನು ಸದ್ದಿಲ್ಲದೆ ಬೀದಿಗೆ ತಿರುಗಿತು. ಹೆಂಗಸರು ಒಮ್ಮೆಲೆ ಹೋ ಎಂದರು.

"ಅಕ್ಕಾ!" ಎಂದು ಆಚಾರ್ರು ಎದ್ದರು, ಮತ್ತೆ ಕೂತರು. "ನಾ ಅವತ್ತು ಚ್ಯಾಷ್ಟಿಗೆ ಅಂದಿದ್ದೆ ಅಕ್ಕಾ. ಇಪ್ಪತ್ತೆರಡು ವರ್ಷ ಗಾಡಿ ಸಪ್ಪಳಾದಾಗೊಮ್ಮೆ ನೀನ ಬಂದಿ ಅಂತ ಹಣಕಿ ನೋಡಿದೆ. ಈಗ ಹಿಂಗ ಬಂದ್ಯಾ?"

ಗುರುಪ್ರಸನ್ನ ಗಾಡಿ ನಿಲ್ಲಿಸಿ ಜನರನ್ನು ನೋಡಿದ, ಬಿದಿರು ನೋಡಿದ, ಗಡಿಗೆ ನೋಡಿದ. ಕುರಿ ಕಾಯುವವನಿಂದ ಹಿಡಿದು ಚಾ ಅಂಗಡಿಯವನ ತನಕ ಪಡೆದ ಮರ್ಯಾದೆಯೆಲ್ಲ ಒಂದೊಂದಾಗಿ ಹಿಂದಕ್ಕೆ ಹೋಗತೊಡಗಿತು. ಬುರ್ಹಾನುದ್ದೀನ್ ಹೇಳಿದ್ದು ನೆನಪಾಯಿತು. ಗಾಡಿ ತಿರುಗಿಸಲು ಜಾಗವಿರಲಿಲ್ಲ.

ಅಷ್ಟರಲ್ಲಿ ಗದ್ದಲಕ್ಕೆ ಎಚ್ಚರಾಗಿ ಅಹಲ್ಯಾಬಾಯಿ ಎದ್ದು ಕೂತರು. ಪಂಚೆ ಸರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಷ್ಟು ಮಂದಿ ಯಾಕ ಕೂಡ್ಯಾರೋ ಗುರು? ನಾವು ಬರ್ತೀವಂತ ನೀ ಮೊದಲ ಹೇಳಿದ್ದೇನು?" ಎಂದರು.

ಬೀದಿ ಎರಡು ಭಾಗವಾಯಿತು. ಒಂದು ಭಾಗ ಓಡಿತು. ಇನ್ನೊಂದು ಭಾಗ ನಿಂತಲ್ಲೇ ರಾಮ ರಾಮ ಎಂದಿತು. ಗಡಿಗೆ ಹಿಡಿದವನು ಗಡಿಗೆ ಬಿಟ್ಟ. ಆಚಾರ್ರು ಮಾತ್ರ ನೆಟ್ಟಗೆ ಬಂದು ಅಕ್ಕನ ಕೈ ಹಿಡಿದು, ಬೆಚ್ಚಗಿದೆಯೆಂದು ನೋಡಿ, ಗೋಳೋ ಎಂದು ಅತ್ತರು. ಅತ್ತು ಮುಗಿಸಿ ಅಳಿಯನ ಕಡೆ ತಿರುಗಿದರು.

"ಲೇ! ಜೀವಂತ ಅದಾಳಂದ್ರ ಹಾರ್ನ್ ಹೊಡಿಬೇಕಿಲ್ಲೇನೋ!"

"ಹೌದ್ರಿ, ಹೊಡಿಬೇಕಲಾ! ಹಾರ್ನ್ ಹೊಡದ್ರ ಏನು ಗಂಟು ಹೋಗಿತ್ತು?" ಎಂದು ಇಡೀ ಊರು ದನಿಗೂಡಿಸಿತು.

"ಮಾಮಾ, ಬ್ಯಾಂಕಾಕಿನ್ಯಾಗ..."

"ಬ್ಯಾಂಕಾಕ ಅಂದ್ರ ಈ ಬಿದಿರು ನಿನಗ ಬರ್ತದ ನೋಡು!"

ಸಂಗತಿ ತಿಳಿಯಲು ಅಹಲ್ಯಾಬಾಯಿಗೆ ಸ್ವಲ್ಪ ಹೊತ್ತು ಹಿಡಿಯಿತು. ವೃಂದಾ ಎಡಗಿವಿಯಲ್ಲಿ ಮೂರು ಸಲ ಕೂಗಿ ಹೇಳಬೇಕಾಯಿತು. ಅವರು ಬಿದಿರನ್ನೂ ಗಡಿಗೆಯ ಚೂರನ್ನೂ ನೋಡಿದರು. ಬೇಸರವೇನೂ ಕಾಣಲಿಲ್ಲ.

"ಅದೆಲ್ಲಾ ಆಮ್ಯಾಲ," ಎಂದರು. "ವೇದು, ನೀ ಒಳಗ ಹೋಗು. ಬಾಗಲಾ ಹಾಕ್ಕೋ."

"ಯಾಕ ಅಕ್ಕಾ?"

"ನೀ ಹೊರಗ ನಿಂತರ ಹೆಂಗ? ಅವ ಹಾರ್ನ್ ಹೊಡಿಬೇಕು, ನೀ ಬಾಗಲಾ ತಗದು ಬರಬೇಕು. ಅವತ್ತಿನ ಮಾತು ಹಂಗದ."

ಊರಿಗೆ ಊರೇ ನೋಡುತ್ತಿರಲು ಆಚಾರ್ರು ಮೂಗೊರೆಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಗಳಿ ಬಿದ್ದ ಸದ್ದಾಯಿತು. ಅಹಲ್ಯಾಬಾಯಿ ಕಟ್ಟೆಯ ಮೇಲೆ ಕೂತು, ಎಡಗಿವಿಯ ಮೇಲಿನ ಸೆರಗು ಸರಿಸಿ, ಗಾಡಿಯ ಕಡೆ ಆ ಕಿವಿ ತಿರುಗಿಸಿದರು. "ಹ್ಞೂಂ, ಹೊಡಿ."

ಗುರುಪ್ರಸನ್ನ ಒತ್ತಿದ. ಏನೂ ಆಗಲಿಲ್ಲ. ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಇನ್ನೆರಡು ಸಲ ಒತ್ತಿದ.

"ಹೊಡದೇನು? ನನಗ ಕೇಳಲಿಲ್ಲ," ಎಂದರು ಅಹಲ್ಯಾಬಾಯಿ. ಅವರ ಮುಖ ಸಣ್ಣದಾಯಿತು. "ವೃಂದಾ, ಇದೂ ಹೋತೇನವಾ?"

ಗುರುಪ್ರಸನ್ನ ಬುರ್ಹಾನುದ್ದೀನನಿಗೆ ಫೋನು ಹಚ್ಚಿದ. ಆ ಕಡೆ ಬ್ಯಾಂಡು ಬಾರಿಸುತ್ತಿತ್ತು.

"ಏನ್ ಸಾಬ್? ವೈರ್? ಕಿತ್ತಿಲ್ರೀ! ನಿಮ್ಮ ಜೀವಕ್ಕ ಬೇಕಾಗ್ತದಂತ ಬಿಚ್ಚಿ ಟೇಪ್ ಸುತ್ತಿ ಬಿಟ್ಟೀನಿ. ಸ್ಟೇರಿಂಗ್ ಕೆಳಗ ಕೈ ಹಾಕ್ರಿ. ಎರಡು ಕೆಂಪು ವೈರ್. ಟೇಪ್ ಹರದು ಒಂದಕ್ಕೊಂದು ಮುಟ್ಟಸ್ರಿ. ಸಾಬ್, ಬಿರಿಯಾನಿ ಎತ್ತಿಡ್ಲೇನು... ಓಹೋ, ನೀವು ಬ್ರಾಹ್ಮಣರಲಾ!"

ಕೂತು ಮಾಡಿದರೆ ಕೈ ಎಟುಕಲಿಲ್ಲ. ಗುರುಪ್ರಸನ್ನ ಅಂಗಾತ ಮಲಗಿ, ತಲೆಯನ್ನು ಬ್ರೇಕಿನ ಬುಡಕ್ಕೆ ತೂರಿಸಿ, ಎರಡೂ ಕಾಲು ಬಾಗಿಲ ಹೊರಗೆ ಚಾಚಿ, ಹಲ್ಲಿನಿಂದ ಟೇಪು ಹರಿದ. ವೈರಿಗೆ ವೈರು ಮುಟ್ಟಿಸಿದ.

ಎರಡು ತಿಂಗಳು ಬಾಯಿ ಮುಚ್ಚಿದ್ದ ಹಾರ್ನು ಮೊದಲು ಮೇಕೆಮರಿಯ ಹಾಗೆ ಮ್ಯಾ ಎಂದಿತು. ಆಮೇಲೆ ಗಂಟಲು ತೆರೆಯಿತು. ಬೇವಿನ ಮರದ ಕಾಗೆಗಳು ಎದ್ದವು. ಬೆರಳಿಗೆ ಚುರುಕು ಮುಟ್ಟಿದರೂ ಗುರುಪ್ರಸನ್ನ ಬಿಡಲಿಲ್ಲ. ಅವನಿಗೆ ಬಾಗಿಲು ಕಾಣುತ್ತಿರಲಿಲ್ಲ, ಬ್ರೇಕಿನ ಪೆಡಲು ಮಾತ್ರ ಕಾಣುತ್ತಿತ್ತು.

"ಬಂದರೇನು?" ಎಂದು ಕೂಗಿದ.

"ಇನ್ನೂ ಇಲ್ಲ!" ಎಂದಿತು ಊರು.

ಆಚಾರ್ರಿಗೆ ಅಗಳಿ ಸಿಗಲಿಲ್ಲವೋ, ಅಥವಾ ಬೇಕೆಂದೇ ತಡ ಮಾಡಿದರೋ, ಅದು ಕೊನೆಗೂ ತಿಳಿಯಲಿಲ್ಲ. ಹಾರ್ನು ಮೂರು ನಿಮಿಷ ಕೂಗಿತು. ಆಮೇಲೆ ಬಾಗಿಲು ತೆರೆಯಿತು. ಆಚಾರ್ರು ಹೊಸ ಶಲ್ಯ ಹೊದ್ದು, ಕೈಯಲ್ಲಿ ಕಾಲಿಗೆ ನೀರು ಕೊಡುವ ತಂಬಿಗೆ ಹಿಡಿದು ಹೊರಗೆ ಬಂದರು.

"ಬಾ ಅಕ್ಕಾ. ಬರ್ರಿ ಅಳಿಯದೇವರು," ಎಂದರು ಹೊರಚಾಚಿದ್ದ ಕಾಲುಗಳಿಗೆ. "ವ್ಯಾನ್ ಛಲೋ ಅದ."

"ಕಾರು, ಮಾಮಾ," ಎಂದವು ಕಾಲುಗಳು.

"ಕೇಳ್ತು," ಎಂದರು ಅಹಲ್ಯಾಬಾಯಿ, ಸೆರಗು ಮತ್ತೆ ಕಿವಿಯ ಮೇಲೆಳೆದುಕೊಳ್ಳುತ್ತ. "ಈಗ ಬಿಡು, ತಲಿ ನೋಯ್ತದ."

ಗುರುಪ್ರಸನ್ನ ವೈರು ಬಿಟ್ಟ. ಇಪ್ಪತ್ತೆರಡು ವರ್ಷಗಳ ಹಿಂದೆ ಮಾನ್ವಿಯಲ್ಲಿ ಕೊಟ್ಟ ಮಾತು ಐತವಾರ ಮಧ್ಯಾಹ್ನ ಎರಡೂವರೆಗೆ ಗೂಗಲ್‌ನಲ್ಲಿ ನಡೆಯಿತು.